ಹಿಡಿ ಅಕ್ಕಿಯ ಗಡಿಗೆ

"ಐನೂರು!"

ಸೀಲಾಸನ ದನಿ ಬೇಕಾದ್ದಕ್ಕಿಂತ ಜೋರಾಯಿತು. ಖಾನಾಪುರದ ಆ ಸಣ್ಣ ಚರ್ಚಿನ ಅಂಗಳದಲ್ಲಿ ಚಾಪೆಯ ಮೇಲೆ ಕೂತಿದ್ದವರೆಲ್ಲ ಹೊರಳಿ ನೋಡಿದರು. ಮಣ್ಣಿನ ಗಡಿಗೆಯೊಂದರ ಹರಾಜು ಐವತ್ತಕ್ಕೆ ಶುರುವಾಗಿ ಒಂದೇ ನೆಗೆತಕ್ಕೆ ಐನೂರು ಮುಟ್ಟಿತ್ತು. ಅದೂ ಯಾರ ಬಾಯಿಂದ? ಬೆಳಗಾವಿಯ ಶಹಾಪುರದಲ್ಲಿ ಸೀರೆ ಅಂಗಡಿ ಇಟ್ಟುಕೊಂಡು, ಕ್ರಿಸ್‌ಮಸ್ಸಿಗೂ ಇತ್ತ ಮುಖ ಹಾಕದವನ ಬಾಯಿಂದ.

ಸುಗ್ಗಿ ಹಬ್ಬದ ಹರಾಜೆಂದರೆ ಅಲ್ಲಿ ಅರ್ಧ ಭಕ್ತಿ, ಅರ್ಧ ತಮಾಷೆ. ಜನ ಕಾಣಿಕೆಯಾಗಿ ತಂದ ಕುಂಬಳಕಾಯಿ, ಕೋಳಿ, ತತ್ತಿ ಎಲ್ಲವನ್ನೂ ಕೂಗುತ್ತಾರೆ. ಗೆದ್ದವನು ದುಡ್ಡು ಕೊಟ್ಟು, ಗೆದ್ದದ್ದನ್ನು ತಿರುಗಿ ದೇವರ ಮೇಜಿನ ಮೇಲಿಡುತ್ತಾನೆ. ಅದು ಮತ್ತೆ ಹರಾಜಾಗುತ್ತದೆ. ಹೋದ ವರ್ಷ ಒಂದೇ ನಿಂಬೆಹಣ್ಣು ನಾಲ್ಕು ಸಲ ಮಾರಾಟವಾಗಿತ್ತು.

ಗಡಿಗೆ ಸೀಲಾಸನ ತಾಯಿ ರೇಣವ್ವನದು. ಅಡುಗೆಗೆ ಅಕ್ಕಿ ತೆಗೆದಾಗಲೆಲ್ಲ ದೇವರ ಪಾಲೆಂದು ಒಂದು ಹಿಡಿ ಅದಕ್ಕೆ ಹಾಕಿ, ತುಂಬಿದ ಗಡಿಗೆಯನ್ನು ಹಬ್ಬಕ್ಕೆ ಒಪ್ಪಿಸುವುದು ಆಕೆ ಮದುವೆಯಾಗಿ ಬಂದಂದಿನಿಂದ ನಡೆಸಿದ್ದ ರೂಢಿ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆಕೆಗೋ ಎರಡೂ ಕಣ್ಣಿಗೆ ಪೊರೆ. ಅದಕ್ಕೇ ಸೀಲಾಸ ಮೂರು ವಾರದ ಹಿಂದೆ ಆಕೆಯ ಎಂಟು ತೊಲೆಯ ಬಂಗಾರದ ಪಾಟ್ಲಿಗಳನ್ನು ಅದರ ತಳದಲ್ಲಿ ಹುಗಿದಿಟ್ಟಿದ್ದ.

ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟಿದ್ದ ಬಳೆಗಳು. ಅವನ್ನು ಚರ್ಚಿನ ಹುಡುಗಿಯರ ಹಾಸ್ಟೆಲ್ಲಿಗೆ ಕೊಡುತ್ತೇನೆಂದು ಮುದುಕಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಸೀಲಾಸನ ಹೊಟ್ಟೆ ಉರಿದುಹೋಗಿತ್ತು. ಹಿತ್ತಲ ಬಾಗಿಲಿಂದ ಕಳ್ಳ ನುಗ್ಗಿದ್ದನೆಂದು ತಾನೇ ಬೊಬ್ಬೆ ಹಾಕಿದ. ನೋಡನೋಡುತ್ತ ಮನೆ ತುಂಬ ಜನ. ಗದ್ದಲ ತಣ್ಣಗಾಗಲಿ, ಆಮೇಲೆ ಒಯ್ದರಾಯಿತು ಎಂದುಕೊಂಡ. ನಿನ್ನೆ ಸಂಜೆ ಅದಕ್ಕೇ ಬಂದ. ಗಡಿಗೆ ಜಾಗದಲ್ಲಿರಲಿಲ್ಲ.

"ಆಟೋದ ಕರೆಪ್ಪ ಚರ್ಚಿಗೆ ಒಯ್ದಿಟ್ಟಾನ," ಎಂದಳು ರೇಣವ್ವ. "ಯಾಕ ಮಗಾ, ನನಗೇನರೆ ಹೇಳೂದೈತೇನು?"

"ಏನಿಲ್ಲಬೇ ಯವ್ವಾ."

ಆಕೆ ತಡವಿ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬೆಳಗಾವಿ ಸೈಟಿಗೆ ರೊಕ್ಕ ಎಷ್ಟ ಕೂಡಿಸಿದಿ?"

"ಎರಡ ಲಕ್ಷ. ಕಾರಿನ್ಯಾಗ ಐತಿ. ಸೋಮವಾರ ಮುಂಗಡ ಕೊಡೂದೈತಿ."

ಬೆಳಿಗ್ಗೆ ಆರಾಧನೆ ಮುಗಿಯುವವರೆಗೂ ಅವನ ಕಣ್ಣು ಗಡಿಗೆಯ ಮೇಲೇ ಇತ್ತು. ಕೈಯಲ್ಲಿ ಹಿಡಿದದ್ದು ಇಲ್ಲೇ ಉಳಿಯುತ್ತದೆ, ಬಿಟ್ಟುಕೊಟ್ಟದ್ದಷ್ಟೇ ಪರಲೋಕಕ್ಕೆ ಜತೆಗೆ ಬರುತ್ತದೆ ಎಂದು ಪಾಸ್ಟರ್ ಹೇಳಿದ್ದು ಅವನ ಕಿವಿಗೆ ಹೋಗಲಿಲ್ಲ. ಯಾರೋ ಹೆಸರು ಹೇಳಲೊಪ್ಪದೆ ಹಾಸ್ಟೆಲ್ಲಿಗೆ ದೊಡ್ಡ ಕಾಣಿಕೆ ಕೊಟ್ಟಿದ್ದಾರೆ, ಇನ್ನು ಛಾವಣಿಗೆ ಎರಡು ಲಕ್ಷವಷ್ಟೇ ಕಡಿಮೆ ಬಿದ್ದಿದೆ ಎಂದದ್ದೂ ಹೋಗಲಿಲ್ಲ.

"ಸಾವಿರ!"

ಸೀಲಾಸ ಬೆಚ್ಚಿದ. ಕೂಗಿದ್ದು ಕರೆಪ್ಪ. ರೇಣವ್ವನ ಓಣಿಯ ಆಟೋದವ. ಕಾಣದ ಮುದುಕಿಯನ್ನು ಚರ್ಚಿಗೆ ಕರೆತಂದು, ನಡೆದದ್ದನ್ನೆಲ್ಲ ಆಕೆಯ ಕಿವಿಯಲ್ಲಿ ಹೇಳುವುದು ಅವನ ಪಾಲಿನ ಸೇವೆ. ಈಗಲೂ ಆಕೆಯ ಪಕ್ಕದಲ್ಲೇ ಕೂತಿದ್ದ.

"ಐದು ಸಾವಿರ," ಎಂದ ಸೀಲಾಸ.

ಕರೆಪ್ಪ ಬಾಗಿ ಮುದುಕಿಯ ಕಿವಿಯಲ್ಲಿ ಏನೋ ಹೇಳಿದ. ಆಕೆ ಹುರುಪಿನಿಂದ ಕೋಲನ್ನು ನೆಲಕ್ಕೆ ಬಡಿದಳು.

"ಹತ್ತು ಸಾವಿರ!"

ಜನ ನಕ್ಕರು. ಸೀಲಾಸ ಕರೆಪ್ಪನನ್ನೇ ದಿಟ್ಟಿಸಿದ. ಗಡಿಗೆ ಹೊತ್ತು ತಂದವನು ಇವನೇ. ಕೈ ಹಾಕಿ ನೋಡಿದ್ದಾನೆ. ಬಂಗಾರ ಮುಟ್ಟಿದ್ದಾನೆ ಕಳ್ಳ!

ಇಪ್ಪತ್ತಾಯಿತು. ಐವತ್ತಾಯಿತು. ಲಕ್ಷ ದಾಟಿತು. ನಗುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು. ಹರಾಜು ಕೂಗುತ್ತಿದ್ದ ಹಿರಿಯ ಭರಮಣ್ಣ ಹಣೆ ಒರೆಸಿಕೊಂಡ.

"ಲೇ ಕರೆಪ್ಪ, ಆಟೋ ಮಾರತೀ ಏನಲೇ?"

"ಕೂಗ್ರಿ ನೀವು, ಅದನ್ನ ನಾ ನೋಡ್ಕೋತೀನಿ." ಬಾಗಿದ. ಕೋಲು ಬಡಿಯಿತು. "ಒಂದು ಲಕ್ಷ ತೊಂಬತ್ತು ಸಾವಿರ!"

ಹತ್ತು ಲಕ್ಷದ ಮಾಲು. ಕೈಗೆ ಬಂದರೆ ನಾಳೆಯೇ ಮಾರಿ, ಸೈಟಿನ ಮುಂಗಡ ಕೊಟ್ಟು ಮಿಗಿಸಬಹುದು. ಕಳೆದುಕೊಂಡರೆ ಬಾಯಿ ಬಿಟ್ಟು ಅಳುವಂತೆಯೂ ಇಲ್ಲ. ಸೀಲಾಸ ಎದ್ದು ನಿಂತ.

"ಎರಡು ಲಕ್ಷ!"

ಕರೆಪ್ಪ ಬಾಗಿದ. ಕೋಲು ಅಲ್ಲಾಡಲಿಲ್ಲ.

"ಒಂದು ಸಲ... ಎರಡು ಸಲ... ಮೂರು ಸಲ!"

ಕಾರಿನಿಂದ ಕಟ್ಟು ತಂದು ಮೇಜಿನ ಮೇಲಿಟ್ಟ. ರೂಢಿಯಂತೆ ಭರಮಣ್ಣ ಗಡಿಗೆಗೆ ಕೈ ಚಾಚಿದ. "ತಿರುಗಿ ಮೇಜಿಗೆ ಇಡ್ತಿಯಲ್ಲಪ್ಪಾ?"

"ಇಲ್ರಿ!" ಸೀಲಾಸ ಗಡಿಗೆಯನ್ನು ಎದೆಗವಚಿಕೊಂಡು ಚರ್ಚಿನ ಹಿಂದಕ್ಕೆ ನಡೆದೇಬಿಟ್ಟ. ಬೆನ್ನ ಹಿಂದೆ ಒಂದು ಚಪ್ಪಾಳೆಯೂ ಇಲ್ಲ.

ಬಾವಿಕಟ್ಟೆಯ ಮೇಲೆ ಟವೆಲ್ ಹಾಸಿ ಸುರಿದ. ಅಕ್ಕಿ. ಹುಳ ಹಿಡಿಯದಂತೆ ಬೆರೆಸಿದ ಬೇವಿನೆಲೆ, ತಳದವರೆಗೂ, ಇನ್ನೂ ಹಸಿರಾಗಿ. ಎರಡೂ ಕೈಯಿಂದ ಕೆದರಿದ. ಬರೀ ಅಕ್ಕಿ.

ಅಷ್ಟರಲ್ಲಿ ರೇಣವ್ವನ ಕೈ ಹಿಡಿದು ಕರೆಪ್ಪ ಬಂದ. ಸೀಲಾಸ ಅವನ ಕೊರಳಪಟ್ಟಿಗೇ ಕೈ ಹಾಕಿದ.

"ಎಲ್ಲಿಟ್ಟೀಲೇ ಅವನ್ನ?"

"ನನಗೇನ ಗೊತ್ತ್ರಿ? ಕೋಲ ಬಡದರ ಅಷ್ಟ ಕೂಗು ಅಂದಿದ್ಳು ಅವ್ವ."

ಸೀಲಾಸನ ಕೈ ಸಡಿಲಾಯಿತು.

"ಬೇವಿನ ತಪ್ಪಲ ಹಾಕಾಕ ಅಕ್ಕಿ ತಳದಿಂದ ತಿರುವಿದ್ನಿ," ಎಂದಳು ರೇಣವ್ವ. "ಕಣ್ಣ ಹೋಗ್ಯಾವ, ಕೈ ಹೋಗಿಲ್ಲ. ಹೋದ ಆಯ್ತಾರನ ಪಾಟ್ಲಿ ಪಾಸ್ಟರ್ ಕೈಯಾಗ ಇಟ್ಟೆ."

ತಡಕಾಡಿ ಮಗನ ತಲೆ ಹುಡುಕಿ, ಮೆಲ್ಲಗೆ ಸವರಿದಳು.

"ಮ್ಯಾಲ ನಿನ್ನ ಹೆಸರಿಲೆ ಏನೂ ಇರಲಿಲ್ಲ ಮಗಾ, ಅದ ನನಗ ಚಿಂತಿ ಆಗಿತ್ತು; ಇವತ್ತ ಎರಡ ಲಕ್ಷ ಆತು."