ಸೋಡಿಯಮ್ಮಿನ ಶೇಂಗಾ ಉಂಡಿ

ಶಿಕ್ಷಣ ಇಲಾಖೆಯ ಸಾಹೇಬರು ತರಗತಿ ನೋಡಲು ಬರುವ ದಿನ ವಿಜ್ಞಾನದ ಟೀಚರು ಮನೆಯಿಂದ ಒಂದು ಡಬ್ಬಿ ಶೇಂಗಾ ಉಂಡಿ ತಂದರು. ಅವರ ನೌಕರಿ ಕಾಯಂ ಆಗುವುದು ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು.

ಮಕ್ಕಳೇ ಪರಮಾಣುಗಳಾಗುವ ಆಟ: ತಟ್ಟೆ ಎಂದರೆ ಪರಮಾಣುವಿನ ಹೊರಕವಚ, ಉಂಡಿ ಎಂದರೆ ಎಲೆಕ್ಟ್ರಾನು. ಸೋಡಿಯಂ ಆದ ಹುಡುಗಿಯ ತಟ್ಟೆಯಲ್ಲಿ ಒಂದು ಉಂಡಿ, ಕ್ಲೋರಿನ್ ಆದ ಹುಡುಗನ ತಟ್ಟೆಯಲ್ಲಿ ಏಳು. ಎಂಟು ಉಂಡಿಯ ಆರ್ಗಾನ್ ಯಾರ ಗೊಡವೆಗೂ ಹೋಗದೆ ಮೂಲೆಯಲ್ಲಿ ಕೂತಿದ್ದ.

“ಸೋಡಿಯಂ, ನಿನ್ನ ಉಂಡಿ ಕ್ಲೋರಿನ್‌ಗೆ ಕೊಡವ್ವಾ.”

ಹುಡುಗಿ ತಟ್ಟೆಯನ್ನು ಎದೆಗೆ ಅವಚಿಕೊಂಡಳು. “ಅವನ ತಟ್ಟ್ಯಾಗ ಏಳ ಅದಾವ್ರೀ ಟೀಚರ್. ನನಗಿರೂದು ಒಂದ.”

“ಅವಗ ಎಂಟು ಆಗಬೇಕವ್ವಾ. ಅದು ನಿಸರ್ಗದ ನಿಯಮ.”

“ಮನ್ಯಾಗ ಅಣ್ಣನ ತಟ್ಟಿಗೂ ನನ್ನ ಪಾಲು ಹಿಂಗ ಹೇಳೇ ಹಾಕಸ್ತಾರ್ರೀ.”

ಹಿಂದಿನ ಬೆಂಚಿನಲ್ಲಿ ಸಾಹೇಬರು ಏನೋ ಬರೆದುಕೊಂಡರು. ಟೀಚರು ಅದನ್ನು ಕಂಡು ಅವಸರಪಟ್ಟರು.

“ಎಲೆಕ್ಟ್ರಾನಿಗೆ ಮೈನಸ್ ಚಾರ್ಜ್ ಇರತೈತಿ. ಅದು ಹೋತಂದ್ರ ನೀ ಪ್ಲಸ್ ಆಗ್ತಿ, ತಗೊಂಡವ ಮೈನಸ್ ಆಗ್ತಾನ.”

“ಕಳಕೊಂಡಾಕಿ ಪ್ಲಸ್ಸೇನ್ರಿ?”

“ಹೌದವ್ವಾ. ಲಗೂನ ತಟ್ಟಿ ಖಾಲಿ ಮಾಡು.”

ಟೀಚರು ಸಾಹೇಬರ ಕಡೆ ತಿರುಗಿ, ಮಕ್ಕಳಿಗೆ ಸ್ವಲ್ಪ ನಾಚಿಕೆ ಎಂಬಂತೆ ನಕ್ಕರು. ಸಾಹೇಬರು ನಗಲಿಲ್ಲ. ಎದ್ದು ಬಂದು ಹುಡುಗಿಯ ಮುಂದೆ ನಿಂತರು. ಕ್ಲೋರಿನ್ ಚಾಚಿದ ಕೈ ಚಾಚಿದಂತೆಯೇ ಇತ್ತು.

“ಈಗ ನಿನ್ನ ಚಾರ್ಜ್ ಎಷ್ಟವ್ವಾ?”

ಸೋಡಿಯಂ ಬಾಯಲ್ಲಿದ್ದುದನ್ನು ನುಂಗಿ, ಖಾಲಿ ತಟ್ಟೆ ತೋರಿಸಿದಳು. “ಪ್ಲಸ್ ಒಂದ್ರೀ ಸರ್.”