ನಿಂತುಹೋದ ನೋವು

"ನೋವೇ ಇಲ್ಲ ಅಂದ್ಮೇಲೆ ಬಾಯಿ ತೆಗ್ಸಿ ಏನ್ ನೋಡ್ತೀರಮ್ಮ?" ಎಂದು ಅಜ್ಜಿ ಕೇಳಿದರು. ಚಿಕಿತ್ಸೆಯ ಕುರ್ಚಿಯಲ್ಲಿ ಮಲಗಿದ್ದ ಆರು ವರ್ಷದ ಮೊಮ್ಮಗಳ ಚಪ್ಪಲಿಗಳು ಅವರ ಕೈಯಲ್ಲಿದ್ದವು. "ಹೋದ ತಿಂಗಳು ಅತ್ತೂ ಅತ್ತೂ ಮನೇನ ತಲೆ ಮೇಲೆ ಹೊತ್ಕೊಂಡಿದ್ಲು. ನಾನು ಲವಂಗ ಇಟ್ಟೆ. ನೋವು ಹೇಳಹೆಸರಿಲ್ಲದ ಹಾಗೆ ಹೋಯ್ತು. ಇವಳಮ್ಮ ಕೇಳ್ಬೇಕಲ್ಲ, ಆಫೀಸಿಂದ ಫೋನ್ ಮಾಡಿ ಮಾಡಿ ತಲೆ ತಿಂದ್ಲು, ಕರ್ಕೊಂಡು ಬಂದೆ."

ಮಕ್ಕಳ ಹಲ್ಲಿನ ವೈದ್ಯೆ ವಾದಕ್ಕೆ ಇಳಿಯಲಿಲ್ಲ. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಮೊದಲು ಹುಡುಗಿಯ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ತಟ್ಟಿದರು. "ಹಲ್ಲಿಗೂ ಹೀಗೇ ತಟ್ತೀನಿ. ಸರಿನಾ? ನಿನ್ನನ್ನ ಮನೇಲಿ ಏನಂತ ಕರೀತಾರೆ?"

"ಮೆಣಸು. ಚಿಕ್ಕದಾದ್ರೂ ಖಾರ ಅಂತ ಅಜ್ಜಿ ಇಟ್ಟಿದ್ದು."

"ಯಾವ ಕಡೆ ಅಗಿದು ತಿಂತೀಯ, ಮೆಣಸು?"

"ಈ ಕಡೆ." ಅವಳು ಬಲಗೆನ್ನೆ ಮುಟ್ಟಿಕೊಂಡಳು. "ಅಜ್ಜಿನೂ ಇದೇ ಕಡೆ. ನಾವಿಬ್ರೂ ಒಂದೇ ಪಾರ್ಟಿ."

ಎಡಗಡೆಯ ಕೆಳದವಡೆಯ ಕೊನೆಯ ಹಾಲುಹಲ್ಲಿನಲ್ಲಿ ಒಂದು ಕಪ್ಪು ಕುಳಿಯಿತ್ತು. ವೈದ್ಯೆ ಅದಕ್ಕೆ ತಣ್ಣಗಿನ ಹತ್ತಿ ಒತ್ತಿದರು. ಹುಡುಗಿಯ ಹುಬ್ಬು ಕೂಡ ಅಲುಗಲಿಲ್ಲ. ಹಲ್ಲಿನ ಬುಡದ ಒಸಡಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿಯ ಗುಳ್ಳೆಯೊಂದು ಎದ್ದಿತ್ತು. ಅವರು ದೀಪವನ್ನು ಅತ್ತ ತಿರುಗಿಸಿ ಅಜ್ಜಿಯನ್ನು ಹತ್ತಿರ ಕರೆದರು.

"ನೋವು ನಿಂತಿದ್ದು ನಿಜ, ಅಮ್ಮ. ಆದ್ರೆ ವಾಸಿಯಾಗಿ ನಿಂತಿಲ್ಲ. ನೋವಾಗ್ತಿದೆ ಅಂತ ಹೇಳೋ ನರಾನೇ ಒಳಗೆ ಸತ್ತುಹೋಗಿದೆ. ಈ ಗುಳ್ಳೇಲಿರೋದು ಕೀವು. ಬೇರಿನ ತನಕ ಇಳಿದಿದೆ."

"ಹಾಲುಹಲ್ಲು ತಾನೆ? ಇವತ್ತಲ್ಲ ನಾಳೆ ಬೀಳೋದೇ. ಕಿತ್ತು ಬಿಸಾಕಿ."

"ಇದು ಬೀಳೋಕೆ ಇನ್ನೂ ನಾಲ್ಕೈದು ವರ್ಷ ಇದೆ. ಅಲ್ಲೀವರೆಗೂ ಜಾಗ ಕಾಯ್ಬೇಕಾದ ಹಲ್ಲು ಇದು. ಇದರ ಕೆಳಗೇ ಇವಳ ದೊಡ್ಡ ಹಲ್ಲು ಬೆಳೀತಾ ಇದೆ. ಕೀವು ಅಲ್ಲಿಗೆ ಮುಟ್ಟಿದ್ರೆ ಅದು ಹುಟ್ಟೋ ಮೊದಲೇ ಕೆಡಬಹುದು. ಎಕ್ಸ್‌ರೇ ತೆಗೆದು ನೋಡೋಣ."

ಮೊಮ್ಮಗಳು ಅಳು ನಿಲ್ಲಿಸಿದ ದಿನ ನೆರೆಮನೆಯವರನ್ನೆಲ್ಲ ಕರೆದು ಕರೆದು ತೋರಿಸಿದ್ದ ಲವಂಗದ ಡಬ್ಬಿ ಈಗಲೂ ಅಜ್ಜಿಯ ಚೀಲದಲ್ಲಿತ್ತು. ಅವರು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ಹಾಗಾದ್ರೆ ನಾನೇ ಕೈಯಾರೆ..." ಎಂದರು.

ಪರದೆಯ ಮೇಲೆ ಚಿತ್ರ ಮೂಡಿತು: ಎರಡು ಕಾಲಿನ ಮಣೆಯಂಥ ಹಾಲುಹಲ್ಲು, ಕಾಲುಗಳ ನಡುವೆ ಮಸಿ ಚೆಲ್ಲಿದಂಥ ನೆರಳು, ಅದರ ಕೆಳಗೆ ಇನ್ನೂ ಬೇರು ಬಿಡದ ಹೊಸ ಹಲ್ಲು. ವೈದ್ಯೆ ಚಿತ್ರವನ್ನು ಹಿಗ್ಗಿಸಿ, ಹೊಸ ಹಲ್ಲಿನ ಸುತ್ತಲಿನ ಕೂದಲೆಳೆಯಷ್ಟು ತೆಳ್ಳನೆಯ ಬಿಳಿ ಗೆರೆಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಅಜ್ಜಿ ಕನ್ನಡಕವನ್ನು ಮೂಗಿನ ಮೇಲಕ್ಕೆ ಒತ್ತಿ, ಆ ಬೆರಳಿನ ಜೊತೆಗೇ ಕಣ್ಣು ಹಾಯಿಸಿದರು.

"ಈ ಗೆರೆ ಮೂಳೆಯ ಗೋಡೆ. ಎಲ್ಲೂ ಒಡೆದಿಲ್ಲ, ಅಮ್ಮ. ಹೊಸ ಹಲ್ಲು ಕ್ಷೇಮವಾಗಿದೆ. ಹಳೇದನ್ನೂ ಉಳಿಸ್ಕೋಬಹುದು."

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತು, "ಲವಂಗ?" ಎಂದರು.

"ಲವಂಗ ಏನೂ ಕೆಡಿಸ್ಲಿಲ್ಲ. ನೀವು ಇಲ್ಲಿಗೆ ಬರೋದನ್ನ ತಡ ಮಾಡಿಸ್ತು, ಅಷ್ಟೇ."

ವೈದ್ಯೆ ಒಸಡನ್ನು ಮರಗಟ್ಟಿಸಿ, ಹಲ್ಲಿಗೆ ತೆಳ್ಳನೆಯ ರಬ್ಬರ್ ಹಾಳೆ ಹೊದಿಸಿದರು. ಅದು ಹಲ್ಲಿನ ರೇನ್‌ಕೋಟ್ ಎಂದು ಮೆಣಸಿಗೆ ತಿಳಿಸಲಾಯಿತು. ದಾರದಷ್ಟು ಸಣ್ಣ ಅರಗಳಿಂದ ಬೇರಿನ ನಾಳಗಳನ್ನು ಒಂದೊಂದಾಗಿ ಉಜ್ಜಿ, ತೊಳೆದು, ಒಣಗಿಸಿ, ಅವುಗಳಿಗೆ ಔಷಧದ ಲೇಪ ತುಂಬಿದರು. "ಹಾಲುಹಲ್ಲಿನ ಬೇರು ಕರಗೋ ಕಾಲಕ್ಕೆ ಈ ಲೇಪಾನೂ ಜೊತೆಗೇ ಕರಗಿಹೋಗುತ್ತೆ, ಕೆಳಗಿನ ಹಲ್ಲಿಗೆ ದಾರಿ ಬಿಡುತ್ತೆ," ಎಂದರು.

"ಕೆಲಸ ಮುಗಿದ್ಮೇಲೆ ತಾನಾಗೇ ಜಾಗ ಬಿಡುತ್ತಾ? ನಮ್ಮನೆ ನೆಂಟರಿಗಿಂತ ವಾಸಿ," ಎಂದರು ಅಜ್ಜಿ. ಅವರ ದನಿ ಮೊದಲಿನಂತಾಗಿತ್ತು.

ಮುಂದಿನ ವಾರ ಆ ಹಲ್ಲಿಗೆ ಉಕ್ಕಿನ ಟೋಪಿ ಹಾಕಿಸಬೇಕು. ಮರಗಟ್ಟಿದ ತುಟಿಯನ್ನು ಹುಡುಗಿ ಸಂಜೆಯವರೆಗೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕು. ಇಷ್ಟನ್ನು ಕೇಳಿಕೊಂಡು ಅಜ್ಜಿ ಮಗಳಿಗೆ ಫೋನ್ ಮಾಡಿದರು. "ಹ್ಞೂಂ ಕಣೇ, ಎಲ್ಲಾ ಸರಿಹೋಯ್ತು. ನೀನು ಹೇಳಿದ್ದೇ ಸರಿ. ಅದನ್ನ ಎರಡೆರಡು ಸಲ ಹೇಳಿಸ್ಬೇಡ." ಫೋನ್ ಇಟ್ಟು ಬಾಗಿಲಿನತ್ತ ಹೆಜ್ಜೆ ಹಾಕಿದರು.

ಮೆಣಸು ಮಾತ್ರ ಕುರ್ಚಿಯ ಪಕ್ಕದಿಂದ ಕದಲಲಿಲ್ಲ. ಎಡಗೆನ್ನೆ ಮುಟ್ಟಿಕೊಂಡು, ಜೋಲುತ್ತಿದ್ದ ತುಟಿಯಿಂದ ಅಕ್ಷರಗಳನ್ನು ಕಷ್ಟಪಟ್ಟು ಹೊರಡಿಸುತ್ತ, "ಡಾಕ್ಟರಾಂಟಿ, ಅಜ್ಜಿಗೂ ಈ ಕಡೆ ಹಲ್ಲುನೋವು ನಿಂತ್ಹೋಗಿದೆ. ನಾನು ಹುಟ್ಟೋಕ್ಕಿಂತ ಮುಂಚೆನೇ ಅಂತೆ," ಎಂದಳು.

"ಇವಳೊಬ್ಬಳು! ಸುಮ್ನೆ ಬಾರೆ, ಇದು ಮಕ್ಕಳ ಆಸ್ಪತ್ರೆ," ಎಂದು ಅಜ್ಜಿ ಗದರಿದರು. ಆದರೆ ಅವರ ಕೈ ತಾನಾಗಿಯೇ ಎಡಗೆನ್ನೆಗೆ ಹೋಗಿತ್ತು. ವೈದ್ಯೆ ಹೊಸದೊಂದು ಕನ್ನಡಿಯನ್ನು ಹೊರತೆಗೆದು, ಕುರ್ಚಿಯನ್ನು ದೊಡ್ಡವರ ಅಳತೆಗೆ ಇಳಿಸಿದರು.

ಅಜ್ಜಿ ಬಾಗಿಲನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಹತ್ತಿ ಮಲಗಿದರು. ಮೆಣಸು ಅವರ ಹೆಬ್ಬೆರಳಿನ ಉಗುರಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, "ಹೀಗೇ ತಟ್ತಾರೆ, ಅಷ್ಟೇ," ಎಂದಳು. ನಂತರ ಬಗ್ಗಿ ಅಜ್ಜಿಯ ಚಪ್ಪಲಿಗಳನ್ನು ಎತ್ತಿಕೊಂಡು, ಕೈಯಲ್ಲಿ ಹಿಡಿದು ನಿಂತಳು.