ರೂತ್ ಆಂಟಿಗೂ ಒಂದು

"ಕ್ಯಾನ್ಸಲ್ ಆಯ್ತು, ಮಾವ್ಶಿ. ಖಲಾಸ್!" ಎಂದಳು ತಾನ್ಯಾ, ಫೋನಿನಿಂದ ತಲೆ ಎತ್ತದೆ.

ಬಾಣಲೆಯಲ್ಲಿ ಬಂಗುಡೆ ಮೀನು ಮಗುಚುತ್ತಿದ್ದ ಮಾರ್ಟಿನಾಬಾಯಿ ಗಾಬರಿಯಾಗಿ ತಿರುಗಿದರು. "ಯಾವುದು, ವೀಸಾವಾ?"

"ಅಯ್ಯೊ, ಅಲ್ಲ! ನಮ್ಮ ಸೀರಿಯಲ್. ಸೆಕೆಂಡ್ ಸೀಸನ್ ಇಲ್ಲವಂತೆ."

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತಂಗಿ ಕ್ಯಾರಲ್ ತೀರಿಕೊಂಡ ಮೇಲೆ ಅವಳ ಮಗಳು ತಾನ್ಯಾ ಗಲ್ಫಿನ ಅಲ್ ನಹ್ದಾದ ಈ ಫ್ಲ್ಯಾಟಿಗೆ ಬಂದಿದ್ದಳು. ತಂದೆ ಮೊದಲೇ ಇರಲಿಲ್ಲ. ಅಳುವೂ ಇಲ್ಲದೆ ಮಾತೂ ಇಲ್ಲದೆ ಕುಳಿತಿರುತ್ತಿದ್ದ ಹುಡುಗಿಯನ್ನು ನಗಿಸಿದ್ದು ಆ ಅಮೆರಿಕದ ಹಾಸ್ಯ ಧಾರಾವಾಹಿಯೊಂದೇ. ಅದರಲ್ಲೂ ತಾಯಿಯಿಲ್ಲದ ಹುಡುಗಿ, ಡೆಲಿಯಾ. ಅವಳನ್ನು ಸಾಕಲು ಹೊರಟವಳು ಮೊಟ್ಟೆ ಬೇಯಿಸಲೂ ಬಾರದ ಚಿಕ್ಕಮ್ಮ, ರೂತ್. ಊರೂರಿನ ರೋಗಿಗಳ ಇಂಗ್ಲಿಷ್ ಕೇಳಿ ಪಳಗಿದ ನರ್ಸಾದರೂ ಮಾರ್ಟಿನಾಬಾಯಿಗೆ ಆ ಧಾರಾವಾಹಿಯವರ ಮಾತಿನ ಓಟ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಟಿವಿಯೊಳಗಿನ ಜನ ನಕ್ಕಾಗ ತಾವೂ ನಕ್ಕುಬಿಡುತ್ತಿದ್ದರು.

"ಹಾಗಾದ್ರೆ ಆ ಹುಡುಗಿಯ ಕಥೆ?"

"ರೂತ್ ಅವಳನ್ನು ಬೋರ್ಡಿಂಗ್ ಸ್ಕೂಲಿಗೆ ಕಳಿಸ್ತಾಳಾ ಇಲ್ವಾ ಅಂತ ಹೇಳದೆಯೇ ಬಿಟ್ರು."

"ಇದೆಂತ ಅವಸ್ಥೆ! ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ ಲೈಟ್ ಆಫ್ ಮಾಡಿ ಹೋಗುವುದಾ?"

ಹೀಗೆ ಬೈದ ಮಾರ್ಟಿನಾಬಾಯಿಯ ಎದೆಯಲ್ಲೂ ಅಂಥದೇ ಒಂದು ಮಾತು ಕುಳಿತಿತ್ತು. ಮಂಗಳೂರಿನಲ್ಲಿದ್ದ ತಮ್ಮ ನಾರ್ಬರ್ಟ್, ಅಲ್ಲಿನ ಕಾನ್ವೆಂಟ್ ಸಿಸ್ಟರುಗಳ ಹಾಸ್ಟೆಲಿನಲ್ಲಿ ತಾನ್ಯಾಳಿಗೊಂದು ಸೀಟು ಹಿಡಿದಿಟ್ಟಿದ್ದ. ಭಾನುವಾರದೊಳಗೆ ಹೂಂ ಅನ್ನಬೇಕೆಂದು ಫೋನಿನಲ್ಲಿ ಹೇಳುತ್ತಲೇ ಇದ್ದ. ರಾತ್ರಿ ಪಾಳಿ ಬಂದಾಗ ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಆಸ್ಪತ್ರೆಗೆ ಹೋಗುವುದಾದರೂ ಹೇಗೆ? ಇದನ್ನು ಅವರು ತಾನ್ಯಾಳಿಗೆ ಇನ್ನೂ ಹೇಳಿರಲಿಲ್ಲ.

ಸಂಜೆ ಮೇಣದಬತ್ತಿ ಹಚ್ಚಿ ಇಬ್ಬರೂ ತೇರ್ಸಿನ ಪ್ರಾರ್ಥನೆಗೆ ಮೊಣಕಾಲೂರಿದರು. ಜಪಮಾಲೆ ಮುಗಿದ ಮೇಲೆ ಬೇಕಾದವರ ಹೆಸರೆತ್ತಿ ಒಂದೊಂದು ನಮೋ ಮರಿಯ ಹೇಳುವುದು ಆ ಮನೆತನದ ಪದ್ಧತಿ. ಮೊದಲು ಕ್ಯಾರಲಿನ ಆತ್ಮಕ್ಕೆ. ಬಳಿಕ ವಾರ್ಡಿನ ರೋಗಿಗಳಿಗೆ. ಆಮೇಲೆ ಮಾರ್ಟಿನಾಬಾಯಿ ಸ್ವಲ್ಪ ತಡೆದು, "ಆ ಡೆಲಿಯಾಗೂ ಒಂದು," ಎಂದರು.

"ಮಾವ್ಶಿ! ಶೀ ಈಸ್ ನಾಟ್ ರಿಯಲ್!"

"ಇರಲಿ. ಯಾರಿಗೆ ಸಲ್ಲಬೇಕೋ ದೇವರು ಅವರಿಗೆ ಸಲ್ಲಿಸ್ತಾನೆ."

ತಾನ್ಯಾಳಿಗೆ ನಗು ತಡೆಯಲಾಗಲಿಲ್ಲ. ನಮೋ ಮರಿಯ ಮುಗಿಯುವ ಹೊತ್ತಿಗೆ ಆ ನಗು ಇಳಿದಿತ್ತು. ಈ ಮನೆಗೆ ಬಂದಂದಿನಿಂದ ತನ್ನದೆಂದು ಏನನ್ನೂ ಬೇಡದಿದ್ದವಳು, ಮೇಣದಬತ್ತಿಯನ್ನೇ ನೋಡುತ್ತ ಹೇಳಿದಳು: "ಹಾಗಾದ್ರೆ ರೂತ್ ಆಂಟಿಗೂ ಒಂದು. ಭಾನುವಾರ ಅವಳು ಆ ಸೀಟಿಗೆ ಯೆಸ್ ಹೇಳದ ಹಾಗೆ."

ಧಾರಾವಾಹಿಯಲ್ಲಿ ಭಾನುವಾರದ ಮಾತೇ ಇರಲಿಲ್ಲ.

ಮಾರ್ಟಿನಾಬಾಯಿಯ ಬೆರಳು ಮಣಿಯ ಮೇಲೆಯೇ ನಿಂತಿತು. ಈ ಫ್ಲ್ಯಾಟಿನ ಗೋಡೆಗಳು ಎಷ್ಟು ತೆಳು ಎಂಬುದು ಅವರಿಗೆ ಆಗ ಹೊಳೆಯಿತು. ಪ್ರಾರ್ಥನೆಯ ನಡುವೆ ಎಂದೂ ಏಳದವರು ಎದ್ದು ಹೋಗಿ ಫೋನ್ ಮಾಡಿದರು.

"ನಾರ್ಬರ್ಟ್, ಸಿಸ್ಟರಿಗೆ ಹೇಳು, ಸೀಟು ಬೇಡ. ಬೇರೆ ಯಾವ ಮಗುವಿಗಾದ್ರೂ ಆಗ್ಲಿ."

"ತಲೆ ಸಮ ಉಂಟಾ ಅಕ್ಕ ನಿಂಗೆ?" ತಮ್ಮನ ದನಿ ಕೋಣೆಗೆಲ್ಲ ಕೇಳಿಸಿತು. "ನೀನು ನೈಟ್ ಡ್ಯೂಟಿಗೆ ಹೋದ್ರೆ ಮಗು ಯಾರೊಟ್ಟಿಗೆ ಮಲಗುವುದು?"

ಮಾರ್ಟಿನಾಬಾಯಿ ಗೋಡೆಗೆ ಅಂಟಿಸಿದ್ದ ಡ್ಯೂಟಿ ಪಟ್ಟಿಯಲ್ಲಿ ರಾತ್ರಿ ಪಾಳಿಗಳನ್ನು ಎಣಿಸತೊಡಗಿದರು.

ಇನ್ನೂ ಮೊಣಕಾಲೂರಿಯೇ ಇದ್ದ ತಾನ್ಯಾ ತಿರುಗಿ ನೋಡದೆ ಮೆಲ್ಲಗೆ ಅಂದಳು: "ಪಕ್ಕದ ಮನೆ ಜುಬೈದ ಆಂಟಿಯೊಟ್ಟಿಗೆ. ನಾನು ಹೋದ ವಾರವೇ ಕೇಳಿ ಇಟ್ಟಿದ್ದೇನೆ."